ಕತ್ತಲಾದರೆ ಬಾಗಿಲು ಹಾಕುತ್ತಿದ್ದ ಊರಿನಲ್ಲಿ ರಾತ್ರಿ ಸುತ್ತಾಟ

(ಪ್ರವಾಸಪ್ರಿಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಕೇಳುಗರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಚೀನಾ ಪ್ರವಾಸ ಅಂದರೆ ನಮ್ಮವರ ಬಾಯಲ್ಲಿ ಮೊದಲು ಬರುವುದು ಬೀಜಿಂಗ್, ಆಮೇಲೆ ಶಾಂಘೈ. ನಾನು ಇವತ್ತು ಮಾತಾಡುವುದು ಶಿಯಾನ್ ಬಗ್ಗೆ. ನಮ್ಮ ಪತ್ರಿಕೆಗಳಲ್ಲಿ ಕ್ಸಿಯಾನ್ ಎಂದು ಬರುತ್ತದಲ್ಲ, ಅದೇ ಊರು. 2015ರ ಮೇ ತಿಂಗಳಲ್ಲಿ ನಮ್ಮ ಪ್ರಧಾನಿ ಚೀನಾಕ್ಕೆ ಹೋದಾಗ ಮೊದಲು ಇಳಿದದ್ದು ಇಲ್ಲಿಯೇ. ಶಾನ್‌ಶಿ ಪ್ರಾಂತದ ರಾಜಧಾನಿ. 2020ರ ಜನಗಣತಿಯಲ್ಲಿ ಇಲ್ಲಿ ಸಿಕ್ಕ ಲೆಕ್ಕ 1.29 ಕೋಟಿ ಜನ. ಹಿಂದೆ ಇದರ ಹೆಸರು ಚಾಂಗ್‌ಆನ್. ಹಲವು ರಾಜವಂಶಗಳು ಇಲ್ಲಿ ಕೂತು ಆಳಿವೆ.

ಶಿಯಾನ್‌ಗೆ ಹೋದವರು ಸಾಮಾನ್ಯವಾಗಿ ಮಾಡುವುದು ಒಂದೇ. ಬೆಳಗ್ಗೆ ಬಂದು, ಹಳೆಯ ಚಕ್ರವರ್ತಿಯೊಬ್ಬನ ಸಮಾಧಿಯ ಬಳಿ ಸಿಕ್ಕ ಮಣ್ಣಿನ ಸೈನಿಕರ ಮೂರ್ತಿಗಳನ್ನು ನೋಡಿ, ಸಂಜೆ ರೈಲು ಹತ್ತಿ ವಾಪಸ್. ಹಾಗೆ ಮಾಡಬೇಡಿ. ಈ ಊರಿನ ಅರ್ಧ ಸೊಗಸು ಸೂರ್ಯ ಮುಳುಗಿದ ಮೇಲೆಯೇ ಶುರುವಾಗುವುದು. ಅದನ್ನು ನೋಡುವ ಮೊದಲು ಒಂದು ಸಂಗತಿ ತಿಳಿದಿದ್ದರೆ ಮಜಾ ಜಾಸ್ತಿ. ಒಂದು ಕಾಲಕ್ಕೆ ಈ ಊರಿನಲ್ಲಿ ರಾತ್ರಿ ಬೀದಿಗೆ ಬರುವುದೇ ಅಪರಾಧವಾಗಿತ್ತು.

ಅದು ತಾಂಗ್ ವಂಶದ ಕಾಲ, ಏಳರಿಂದ ಹತ್ತನೇ ಶತಮಾನದ ಆರಂಭದವರೆಗೆ. ಆಗ ಇದು ಜಗತ್ತಿನ ಅತಿ ದೊಡ್ಡ ಊರುಗಳಲ್ಲಿ ಒಂದು. ಕೋಟೆಯ ಒಳಗಿನ ಜಾಗವೇ 84 ಚದರ ಕಿಲೋಮೀಟರ್. ಊರನ್ನು ಚದುರಂಗದ ಮಣೆಯಂತೆ ನೂರಕ್ಕೂ ಹೆಚ್ಚು ಕೇರಿಗಳಾಗಿ ಹಂಚಿದ್ದರು. ಪ್ರತಿ ಕೇರಿಗೂ ಅದರದೇ ಗೋಡೆ, ಅದರದೇ ಬಾಗಿಲು. ಸಂಜೆ ನಗಾರಿ ಬಾರಿಸುತ್ತಿದ್ದರು. ನಗಾರಿ ನಿಲ್ಲುವಷ್ಟರಲ್ಲಿ ಕೇರಿ ಸೇರಿಕೊಳ್ಳಬೇಕು. ಆಮೇಲೆ ದೊಡ್ಡ ಬೀದಿಯಲ್ಲಿ ಸಿಕ್ಕಿಬಿದ್ದರೆ ಇಪ್ಪತ್ತು ಏಟು. ಹೆರಿಗೆ, ಕಾಯಿಲೆ, ಸಾವು, ಸರ್ಕಾರಿ ಕೆಲಸ, ಇಂಥದ್ದಕ್ಕೆ ಮಾತ್ರ ವಿನಾಯಿತಿ. ಪೇಟೆಗೂ ಇದೇ ಶಿಸ್ತು. ಪೂರ್ವದ ಪೇಟೆ, ಪಶ್ಚಿಮದ ಪೇಟೆ ಎರಡೂ ನಡುಮಧ್ಯಾಹ್ನಕ್ಕೆ 300 ನಗಾರಿ ಪೆಟ್ಟಿನೊಂದಿಗೆ ತೆರೆದು, ಸೂರ್ಯ ಮುಳುಗುವ ಮೊದಲು 300 ಜಾಗಟೆ ಪೆಟ್ಟಿನೊಂದಿಗೆ ಮುಚ್ಚುತ್ತಿದ್ದವು. ಕೇರಿಯ ಒಳಗೆ ಕುಡಿಯಿರಿ, ಹಾಡಿರಿ, ಯಾರೂ ಕೇಳುತ್ತಿರಲಿಲ್ಲ. ಪೂರ್ವದ ಪೇಟೆಯ ಪಕ್ಕದ ಪಿಂಗ್‌ಕಾಂಗ್ ಕೇರಿ ಅದಕ್ಕೇ ಹೆಸರುವಾಸಿ. ಆದರೆ ಕೇರಿ ದಾಟುವ ಹಾಗಿಲ್ಲ.

ವರ್ಷದಲ್ಲಿ ಒಂದು ಹಬ್ಬಕ್ಕೆ ಮಾತ್ರ ಈ ಕಟ್ಟು ಸಡಿಲ. ಚೀನೀ ವರ್ಷದ ಮೊದಲ ಹುಣ್ಣಿಮೆಯ ದೀಪದ ಹಬ್ಬ. ಮೂರು ರಾತ್ರಿ ಇಡೀ ಊರು ಬೀದಿಯಲ್ಲಿ. 713ರಲ್ಲಿ ಅರಮನೆಯ ಪ್ರದೇಶದ ಒಂದು ಬಾಗಿಲ ಹೊರಗೆ ಐವತ್ತು ಸಾವಿರ ದೀಪಗಳ ದೈತ್ಯ ಚಕ್ರ ನಿಲ್ಲಿಸಿದ್ದರು ಎಂದು ತಾಂಗ್ ಕಾಲದ ಬರಹವೊಂದು ಹೇಳುತ್ತದೆ. ವರ್ಷವಿಡೀ ಬಾಗಿಲು ಹಾಕಿಸಿಕೊಂಡ ಜನಕ್ಕೆ ಆ ಮೂರು ರಾತ್ರಿ ಹೇಗಿದ್ದಿರಬೇಕು, ಯೋಚಿಸಿ.

ಈಗ ಬನ್ನಿ ಇವತ್ತಿನ ಶಿಯಾನ್‌ಗೆ. ಊರಿನ ದಕ್ಷಿಣಕ್ಕೆ ಸುಮಾರು ಎರಡು ಕಿಲೋಮೀಟರ್ ಉದ್ದದ, ನಡೆದೇ ಸುತ್ತಬೇಕಾದ ಒಂದು ಬೀದಿ ಇದೆ. ಅದರ ಹೆಸರು ‘ಮಹಾ ತಾಂಗ್‌ನ ನಿದ್ದೆಯಿಲ್ಲದ ಊರು’. ಇರುಳಾದರೆ ಜನರನ್ನು ಒಳಗೆ ಕೂಡಿಹಾಕುತ್ತಿದ್ದ ತಾಂಗ್‌ರ ಹೆಸರಿನಲ್ಲಿ! ಇದನ್ನು ಕಟ್ಟಿದವರಿಗೆ ಇತಿಹಾಸ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಆ ಮೂರು ರಾತ್ರಿಯ ಹಬ್ಬವನ್ನು ವರ್ಷದ ಎಲ್ಲ ರಾತ್ರಿಗೂ ಎಳೆದಿದ್ದಾರೆ, ಅಷ್ಟೇ.

ಬೀದಿಯ ಎರಡೂ ಕಡೆ ತಾಂಗ್ ಶೈಲಿಯ ಸೂರುಗಳು. ಮರಮರಕ್ಕೂ ದೀಪ. ರೇಷ್ಮೆ ಬಟ್ಟೆ ತೊಟ್ಟು, ಎತ್ತರಕ್ಕೆ ತುರುಬು ಕಟ್ಟಿ, ಹಣೆಯ ಮೇಲೆ ಕೆಂಪು ಹೂವಿನ ಗುರುತು ಬರೆಸಿಕೊಂಡ ಹುಡುಗಿಯರು ಸಾಲುಸಾಲಾಗಿ ನಡೆಯುತ್ತಿರುತ್ತಾರೆ. ಅವರು ನಟಿಯರಲ್ಲ, ನಮ್ಮ ನಿಮ್ಮ ಹಾಗೆ ಪ್ರವಾಸಿಗರು. ಸುತ್ತಲಿನ ಅಂಗಡಿಗಳಲ್ಲಿ ಹಳೆಯ ಕಾಲದ ಉಡುಪು ಬಾಡಿಗೆಗೆ ಸಿಗುತ್ತದೆ, ಮೇಕಪ್ಪೂ ಅವರೇ ಮಾಡುತ್ತಾರೆ, ಫೋಟೊ ತೆಗೆಯುವವನೂ ಜೊತೆಗೆ ಬರುತ್ತಾನೆ. ನಡುನಡುವೆ ಬೀದಿ ಪ್ರದರ್ಶನಗಳು. 2019ರಲ್ಲಿ ಇಲ್ಲಿನ ಒಂದು ಪ್ರದರ್ಶನ ಚೀನಾದ ಮೊಬೈಲುಗಳನ್ನೆಲ್ಲ ಸುತ್ತಿಬಂತು. ಬುಡ ಭಾರವಾದ ಬೊಂಬೆಯಂಥ ಪೀಠದ ಮೇಲೆ ನಿಂತ ಹುಡುಗಿ ಹಿಂದಕ್ಕೂ ಮುಂದಕ್ಕೂ ತೂಗುತ್ತಾ, ಬಗ್ಗಿ ಬಂದು ಜನರ ಕೈ ಹಿಡಿಯುತ್ತಾಳೆ. ಅಷ್ಟೇ ಪ್ರದರ್ಶನ. ಅದಕ್ಕೇ ನೂಕುನುಗ್ಗಲು. ಇನ್ನೊಂದು ಕಡೆ ತಾಂಗ್ ಕಾಲದ ವೇಷದ ಇಬ್ಬರು ವೇದಿಕೆಯ ಮೇಲೆ ನಿಂತು, ಇತಿಹಾಸ, ಕವಿತೆಗಳ ಮೇಲೆ ಪ್ರಶ್ನೆ ಕೇಳಿ, ಉತ್ತರಿಸಿದವರನ್ನು ಮೇಲೆ ಕರೆದು ತಮಾಷೆ ಮಾಡುತ್ತಾರೆ. ಭಾಷೆ ಬಾರದಿದ್ದರೂ ಸುತ್ತಲಿನ ನಗು ನೋಡಿಯೇ ಹೊತ್ತು ಹೋಗುತ್ತದೆ.

‘ಎಲ್ಲಾ ಸಿಮೆಂಟಿನ ನಾಟಕ’ ಎಂದು ಮೂಗು ಮುರಿಯುವವರಿದ್ದಾರೆ. ನಿಜ, ಅಲ್ಲಿನ ಒಂದು ಕಂಬವೂ ಹಳೆಯದಲ್ಲ. ಆದರೂ ಹೋಗಿ ಅಂತಲೇ ನಾನು ಹೇಳುವುದು. ಚೀನಾದ ಸಾಮಾನ್ಯ ಕುಟುಂಬಗಳು, ಅಜ್ಜ ಅಜ್ಜಿ ಮೊಮ್ಮಕ್ಕಳ ಸಮೇತ, ಸಂಭ್ರಮ ಪಡುವುದನ್ನು ಇಷ್ಟು ಹತ್ತಿರದಿಂದ ಬೇರೆಲ್ಲೂ ನೋಡಲು ಸಿಗುವುದಿಲ್ಲ. ಶನಿವಾರ, ಭಾನುವಾರ ಮಾತ್ರ ಬೇಡ. ಕಾಲಿಡಲು ಜಾಗ ಇರುವುದಿಲ್ಲ.

ಈ ಬೀದಿಯ ಉತ್ತರದ ತುದಿಯಲ್ಲಿ ಒಬ್ಬರ ಕಂಚಿನ ಪ್ರತಿಮೆ ಇದೆ. ಅವರು ನಮಗೆ ಹೊಸಬರಲ್ಲ. ಶಾಲೆಯ ಪಾಠದಲ್ಲಿ ಓದಿದ ಹ್ಯೂಯೆನ್ ತ್ಸಾಂಗ್. ಹಿಂದೆ ಕಾಣುವ ಗೋಪುರ ದೊಡ್ಡ ಕಾಡುಬಾತಿನ ಪಗೋಡ. ದೇಶ ಬಿಟ್ಟು ಹೋಗಬಾರದೆಂಬ ತಾಂಗ್ ಅರಸನ ಅಪ್ಪಣೆಯನ್ನೂ ಮೀರಿ ಈ ಭಿಕ್ಷು ಭಾರತಕ್ಕೆ ಹೊರಟಿದ್ದರು. 645ರಲ್ಲಿ 657 ಗ್ರಂಥಗಳನ್ನು ಹೊರಿಸಿಕೊಂಡು ವಾಪಸ್ ಬಂದಾಗ ಅದೇ ಅರಸ ಸ್ವಾಗತಿಸಿದ. ಆ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿಸಿದ್ದು ಈ ಗೋಪುರ. ಮೊದಲು ಐದು ಅಂತಸ್ತು ಇತ್ತು. ಮುಂದೆ ರಾಣಿ ವು ಝೆಟಿಯನ್ ಕಾಲದಲ್ಲಿ ಮತ್ತೆ ಕಟ್ಟಿದರು. ಈಗ ಏಳು ಅಂತಸ್ತು, ಎತ್ತರ 64 ಮೀಟರ್ ಚಿಲ್ಲರೆ.

ನಮಗೆ ಇದರಲ್ಲಿ ಇನ್ನೊಂದು ನಂಟಿದೆ. ಹ್ಯೂಯೆನ್ ತ್ಸಾಂಗ್ ಚಾಲುಕ್ಯರ ನಾಡಿಗೂ ಬಂದಿದ್ದರು. ಆಗ ಇಲ್ಲಿ ಇಮ್ಮಡಿ ಪುಲಿಕೇಶಿಯ ಆಳ್ವಿಕೆ. ಈ ನಾಡಿನ ಜನ ಉಪಕಾರ ಮರೆಯುವವರಲ್ಲ, ಅವಮಾನ ಮಾಡಿದವರನ್ನು ಬಿಡುವವರೂ ಅಲ್ಲ. ಯುದ್ಧಕ್ಕೆ ಮೊದಲು ಯೋಧರೂ ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ. ಹರ್ಷವರ್ಧನನಿಂದಲೂ ಇವರನ್ನು ಗೆಲ್ಲಲಾಗಲಿಲ್ಲ, ಇದು ಅವರು ಕೊಟ್ಟ ವಿವರ. ತಾಂಗ್ ಅರಸನ ಅಪ್ಪಣೆಯ ಮೇರೆಗೆ ಅದೆಲ್ಲ 646ರಲ್ಲಿ ಚಾಂಗ್‌ಆನ್‌ನಲ್ಲಿಯೇ ಬರಹಕ್ಕೆ ಇಳಿಯಿತು. ಬಾದಾಮಿಯ ಅರಸನ ಸುದ್ದಿ ಅಲ್ಲಿ ತಲುಪಿ ಹದಿಮೂರೂಮುಕ್ಕಾಲು ಶತಮಾನವಾಯಿತು. ಪಗೋಡದ ಆವರಣಕ್ಕೆ ಒಂದು ಟಿಕೆಟ್, ಮೇಲೆ ಹತ್ತಲು ಇನ್ನೊಂದು. ಸಂಜೆ ನಾಲ್ಕರ ಹೊತ್ತಿಗೆ ಹತ್ತಿ ಇಳಿದರೆ, ಕತ್ತಲಾಗುವಾಗ ಬೀದಿಗೆ ಬರಬಹುದು.

ಈಗ ಕೋಟೆಗೋಡೆ. ನೀವು ನೋಡುವ ಗೋಡೆ ತಾಂಗ್‌ರದ್ದಲ್ಲ, ಮಿಂಗ್ ವಂಶದ್ದು. 1370ರಲ್ಲಿ ಶುರುವಾದದ್ದು. ತಾಂಗ್ ಕಾಲದ ಊರಿಗೆ ಹೋಲಿಸಿದರೆ ಇದರ ಒಳಗಿನ ಜಾಗ ತೀರಾ ಚಿಕ್ಕದು. ಅದಕ್ಕೇ ಪಗೋಡ ಈಗ ಗೋಡೆಯಿಂದ ಎಷ್ಟೋ ದೂರ ಹೊರಗಿದೆ. ಅದು ಆಗ ಊರೊಳಗಿತ್ತು. ಗೋಡೆಯ ಸುತ್ತಳತೆ 13.7 ಕಿಲೋಮೀಟರ್, ಎತ್ತರ 12 ಮೀಟರ್. ಮೇಲ್ಭಾಗ ಎರಡು ಲಾರಿ ಅಕ್ಕಪಕ್ಕ ಹೋಗುವಷ್ಟು ಅಗಲ. ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಇಟ್ಟಿಗೆ ಏರುಪೇರು, ಬೆನ್ನುನೋವು ಇದ್ದವರು ನಡೆಯುವುದೇ ಮೇಲು. ಸೈಕಲ್ಲಿನಲ್ಲಿ ಪೂರ್ತಿ ಸುತ್ತಲು ಎರಡು ಗಂಟೆ ಹಿಡಿಯುತ್ತದೆ. ಬಿಸಿಲು ಇಳಿದ ಮೇಲೆ ದಕ್ಷಿಣ ಬಾಗಿಲಿನಿಂದ ಹತ್ತಿ. ಒಂದು ಕಡೆ ಹಳೆ ಊರಿನ ತಗ್ಗು ಮನೆಗಳು, ಇನ್ನೊಂದು ಕಡೆ ಗಾಜಿನ ಕಟ್ಟಡಗಳು, ದೀಪ ಹೊತ್ತುವುದನ್ನು ಮೇಲಿನಿಂದಲೇ ನೋಡಬಹುದು.

ಕೆಳಗೆ ಗೋಡೆಯ ಉದ್ದಕ್ಕೂ ಪಾರ್ಕು. ಅಲ್ಲಿ ಬೆಳಗ್ಗೆ, ಸಂಜೆ ನಿವೃತ್ತರು ಗುಂಪು ಕಟ್ಟಿಕೊಂಡು ಚಿನ್‌ಚಿಯಾಂಗ್ ಹಾಡುತ್ತಾರೆ. ಅದು ಈ ಸೀಮೆಯ ಹಳೆಯ ಸಂಗೀತ ನಾಟಕ. ಶಾನ್‌ಶಿಯ ಎಂಟು ವಿಚಿತ್ರಗಳು ಎಂದು ಜನರ ಬಾಯಲ್ಲಿ ಒಂದು ಪಟ್ಟಿ ಇದೆ: ಇಲ್ಲಿನ ನೂಡಲ್ಸ್ ಸೊಂಟದ ಪಟ್ಟಿಯಷ್ಟು ಅಗಲ, ರೊಟ್ಟಿ ಪಾತ್ರೆಯ ಮುಚ್ಚಳದಷ್ಟು, ನಾಟಕದ ಹಾಡು ಹಾಡುವುದಲ್ಲ, ಕೂಗುವುದು. ಪಾರ್ಕಿನಲ್ಲಿ ಐದು ನಿಮಿಷ ನಿಂತರೆ ಕೊನೆಯದು ಸುಳ್ಳಲ್ಲ ಅಂತ ಗೊತ್ತಾಗುತ್ತದೆ. ಟಿಕೆಟ್ ಇಲ್ಲ, ಕುರ್ಚಿ ಇಲ್ಲ, ಸುಮ್ನೆ ನಿಂತು ಕೇಳಬಹುದು.

ಊಟದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಶಿಯಾನ್ ಅಕ್ಕಿಯ ಸೀಮೆಯಲ್ಲ, ಗೋಧಿಯ ಸೀಮೆ. ನಾವು ಇಲ್ಲಿ ‘ಚೈನೀಸ್’ ಅಂತ ತಿನ್ನುವುದಕ್ಕೂ ಅಲ್ಲಿ ಸಿಗುವುದಕ್ಕೂ ಸಂಬಂಧವೇ ಇಲ್ಲ.

ಊರ ನಡುವೆ ಗಂಟೆಯ ಗೋಪುರ, ಸ್ವಲ್ಪ ಆಚೆ ನಗಾರಿಯ ಗೋಪುರ. ಎರಡೂ ಹದಿನಾಲ್ಕನೇ ಶತಮಾನದವು. ನಗಾರಿ ಗೋಪುರದ ಕಮಾನು ದಾಟಿದರೆ ಹುಯಿ ಮುಸ್ಲಿಮರ ಕೇರಿ. ಮಧ್ಯ ಏಷ್ಯಾದಿಂದ ಬಂದ ವ್ಯಾಪಾರಿಗಳ ಕಾಲದಿಂದ ಬೆಳೆದ ಸಮುದಾಯ. ಮುಖ್ಯ ಬೀದಿಯಲ್ಲಿ ಕಾಲಿಟ್ಟರೆ ಜೀರಿಗೆ ಹಾಕಿ ಸುಟ್ಟ ಕುರಿಮಾಂಸದ ಹೊಗೆ. ದಾಳಿಂಬೆ ರಸ ಹಿಂಡುವವರು, ಮರದ ಸುತ್ತಿಗೆಯಿಂದ ಕಡಲೆಕಾಯಿ ಮಿಠಾಯಿ ಕುಟ್ಟುವವರು. ಒಮ್ಮೆ ನಡೆದು ನೋಡಿ, ಆದರೆ ಹೊಟ್ಟೆ ತುಂಬ ತಿನ್ನಲು ಇಲ್ಲಿ ಕೂರಬೇಡಿ. ಈ ಬೀದಿ ಪೂರ್ತಿ ಪ್ರವಾಸಿಗರದ್ದು, ಬೆಲೆಯೂ ಹಾಗೇ. ಪಶ್ಚಿಮಕ್ಕೆ ಹದಿನೈದು ನಿಮಿಷ ನಡೆದರೆ ಸಾಜಿನ್‌ಚಿಯಾವೊ ಎಂಬ ಬೀದಿ. ಊರವರು ತಿನ್ನುವುದು ಅಲ್ಲಿ. ನಡುವೆ ಓಣಿಯೊಳಗೆ ದೊಡ್ಡ ಮಸೀದಿ ಇದೆ, ತಪ್ಪಿಸಬೇಡಿ. 742ರಲ್ಲಿ ಸ್ಥಾಪನೆಯಾಯಿತು ಎಂಬ ಪ್ರತೀತಿ. ಈಗಿನ ಕಟ್ಟಡ ಮಿಂಗ್ ಕಾಲದಿಂದೀಚಿನದು. ಗುಮ್ಮಟವಿಲ್ಲ. ಅಂಗಳದ ಮೇಲೆ ಅಂಗಳ, ಹೆಂಚಿನ ಮಾಡು, ಪಗೋಡದಂಥ ಗೋಪುರ. ಪ್ರಾರ್ಥನೆಯ ಹಜಾರದೊಳಗೆ ಮುಸ್ಲಿಮರಿಗೆ ಮಾತ್ರ ಪ್ರವೇಶ.

ಈ ಊರಿನ ಹೆಮ್ಮೆಯ ಊಟ ಪಾವೊಮೊ. ಇದಕ್ಕೆ ತಾಳ್ಮೆ ಬೇಕು. ಮೊದಲು ನಿಮ್ಮ ಮುಂದೆ ಖಾಲಿ ಬಟ್ಟಲು ಮತ್ತು ಗಟ್ಟಿ ರೊಟ್ಟಿ ಇಡುತ್ತಾರೆ. ರೊಟ್ಟಿಯನ್ನು ನೀವೇ ಸೋಯಾ ಕಾಳಿನಷ್ಟು ಸಣ್ಣಗೆ ಮುರಿಯಬೇಕು. ಮಾತಾಡುತ್ತಾ ಮುರಿಯುವುದು ಇಲ್ಲಿನ ಪದ್ಧತಿ. ಮುರಿದಾದ ಮೇಲೆ ಬಟ್ಟಲು ಅಡುಗೆಮನೆಗೆ ಹೋಗಿ ಕುರಿ ಅಥವಾ ದನದ ಮಾಂಸದ ಸಾರಿನಲ್ಲಿ ಬೆಂದು ವಾಪಸ್ ಬರುತ್ತದೆ. ಜೊತೆಗೆ ಸಿಹಿ ಉಪ್ಪಿನಕಾಯಿ ಬೆಳ್ಳುಳ್ಳಿ, ಮೆಣಸಿನ ಚಟ್ನಿ. ದಪ್ಪ ತುಂಡು ಮಾಡಿದರೆ ಒಳಗೆ ಸಾರು ಇಳಿಯುವುದಿಲ್ಲ. ಅಡುಗೆಯವರು ಬಟ್ಟಲು ನೋಡಿಯೇ ಹೊರಊರಿನವರು ಅಂತ ಹೇಳಿಬಿಡುತ್ತಾರೆ.

ಇನ್ನೊಂದು ರೋಜಾಮೊ. ಸುಟ್ಟ ರೊಟ್ಟಿಯನ್ನು ಸೀಳಿ ಬೇಯಿಸಿದ ಮಾಂಸ ತುಂಬಿ ಕೊಡುತ್ತಾರೆ. ಇದನ್ನು ಕೇಳುವಾಗ ಎಲ್ಲಿದ್ದೀರಿ ಅನ್ನುವುದು ನೆನಪಿರಲಿ. ಮುಸ್ಲಿಂ ಕೇರಿಯೊಳಗೆ ಸಾಮಾನ್ಯವಾಗಿ ದನದ ಮಾಂಸ, ಹೊರಗೆ ಹಂದಿಮಾಂಸ. ತಿನ್ನುವವರು ತಿನ್ನಲಿ, ಬಿಡುವವರು ಕೇಳಿ ಬಿಡಲಿ. ರೋಜಾಮೊ, ಲಿಯಾಂಗ್‌ಪಿ, ಬಿಂಗ್‌ಫೆಂಗ್ ಎಂಬ ಕಿತ್ತಳೆ ಸೋಡಾ, ಇವು ಮೂರೂ ಸೇರಿದರೆ ಅಲ್ಲಿನವರ ಬಡವ-ಬಲ್ಲಿದರೆಲ್ಲರ ತಿಂಡಿ.

ಸಸ್ಯಾಹಾರಿಗಳ ಮುಖ ಬಾಡುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ನಿಜ ಹೇಳಬೇಕೆಂದರೆ ಚೀನಾದ ಹಲವು ಊರುಗಳಿಗಿಂತ ಶಿಯಾನ್ ನಮಗೆ ಸಲೀಸು. ಲಿಯಾಂಗ್‌ಪಿ ಅಂದೆನಲ್ಲ, ಅದು ಅಕ್ಕಿ ಅಥವಾ ಗೋಧಿ ಹಿಟ್ಟಿನಿಂದ ಮಾಡಿದ ತಣ್ಣನೆಯ ಅಗಲ ಪಟ್ಟಿಗಳು. ವಿನೆಗರ್, ಬೆಳ್ಳುಳ್ಳಿ ನೀರು, ಮೆಣಸಿನೆಣ್ಣೆ, ಸೌತೆಕಾಯಿ, ಮೊಳಕೆಕಾಳು. ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಇನ್ನೊಂದು ಯೊಪೊ ಮಿಯೆನ್. ಬೆಂದ ಅಗಲ ನೂಡಲ್ಸ್ ಮೇಲೆ ಖಾರದ ಪುಡಿ, ಈರುಳ್ಳಿ ಸೊಪ್ಪು ಹಾಕಿ, ಹೊಗೆಯಾಡುವ ಬಿಸಿ ಎಣ್ಣೆಯನ್ನು ನಿಮ್ಮ ಕಣ್ಣೆದುರೇ ಸುರಿಯುತ್ತಾರೆ. ಚರ್ ಎಂಬ ಆ ಸದ್ದು, ಆ ಘಾಟು, ಥೇಟ್ ನಮ್ಮ ಒಗ್ಗರಣೆ! ಸಿಹಿಗೆ ಝೆಂಗ್‌ಗಾವೊ: ಅಂಟಕ್ಕಿ, ಕೆಂಪು ಖರ್ಜೂರದಂಥ ಹಣ್ಣು ಪದರಪದರವಾಗಿ ಹಾಕಿ ಆವಿಯಲ್ಲಿ ಬೇಯಿಸಿದ್ದು. ಬೆಳಗ್ಗೆ ಬಿಸಿಯಾಗಿ ಸಿಗುತ್ತದೆ. ಲಿಂಟಾಂಗ್ ಸೀಮೆಯ ಪರ್ಸಿಮನ್ ಹಣ್ಣಿನ ತಿರುಳಿಗೆ ಹಿಟ್ಟು ಕಲಸಿ, ಸಕ್ಕರೆ, ಬೀಜಗಳ ಹೂರಣ ತುಂಬಿ ಎಣ್ಣೆಯಲ್ಲಿ ಬೇಯಿಸಿದ ಹೋಳಿಗೆಯಂಥದ್ದೂ ಇದೆ. ಅದನ್ನು ಬಿಡಲೇಬೇಡಿ.

ಇನ್ನು ಕುಡಿಯುವವರಿಗೆ. ಮುಸ್ಲಿಂ ಕೇರಿಯ ಹಲವು ಹೋಟೆಲುಗಳಲ್ಲಿ ಮದ್ಯ ಇರುವುದಿಲ್ಲ, ಅಲ್ಲಿ ಕೇಳಿ ಮುಜುಗರ ಮಾಡಬೇಡಿ. ದಕ್ಷಿಣ ಬಾಗಿಲ ಒಳಗೆ ದೆಫು ಓಣಿ ಎಂಬಲ್ಲಿ ಸಾಲು ಬಾರ್‌ಗಳು, ಕಾಫಿ ಅಂಗಡಿಗಳಿವೆ, ಹಾಡುಗಾರರೂ ಇರುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗುವುದು ಬೇಸಿಗೆಯ ರಾತ್ರಿ ಫುಟ್‌ಪಾತಿನ ಮೇಲೆ ಮೋಟು ಸ್ಟೂಲು ಹಾಕಿ ಕಡ್ಡಿಗೆ ಸಿಕ್ಕಿಸಿ ಸುಡುವ ಅಂಗಡಿಗಳು. ಬದನೆಕಾಯಿ, ಆಲೂಗಡ್ಡೆ, ತೋಫು, ಮಾಂಸ ಎಲ್ಲ ಅದೇ ಕೆಂಡದ ಮೇಲೆ, ಜೊತೆಗೆ ಹಾನ್ಸ್ ಎಂಬ ಈ ಊರಿನದೇ ಬಿಯರ್. ಅಕ್ಕಿಯಿಂದ ಮಾಡಿದ, ಹೂವಿನ ಪರಿಮಳದ, ಹಾಲಿನ ಬಣ್ಣದ ಸಿಹಿ ಮದ್ಯವೂ ಇಲ್ಲಿನ ವಿಶೇಷ. ಅಮಲು ಕಡಿಮೆ.

ಪೂರ್ವದ ಗೋಡೆಯ ಬಳಿ ಯೊಂಗ್‌ಶಿಂಗ್‌ಫಾಂಗ್ ಎಂಬ ತಿಂಡಿ ಬೀದಿ ಇದೆ. ಅಲ್ಲಿ ಒಂದು ಆಟ. ಮಣ್ಣಿನ ಬಟ್ಟಲಿನಲ್ಲಿ ಅಕ್ಕಿಯ ಮದ್ಯ ಕುಡಿದು, ಬಟ್ಟಲನ್ನು ನೆಲಕ್ಕೆ ಅಪ್ಪಳಿಸಿ ಒಡೆಯುವುದು. 2018ರ ಸುಮಾರಿಗೆ ಇದರ ಹುಚ್ಚು ಎಷ್ಟಿತ್ತೆಂದರೆ ಜನ ಗಂಟೆಗಟ್ಟಲೆ ಸಾಲು ನಿಲ್ಲುತ್ತಿದ್ದರು. ಒಡೆದ ಚೂರುಗಳ ಗುಡ್ಡ ನೋಡಿದರೆ ನಮ್ಮಂಥವರಿಗೆ ಹೊಟ್ಟೆ ಉರಿಯುತ್ತದೆ. ಆದರೂ ಒಂದು ಒಡೆಯೋಣ ಅನಿಸದೇ ಇರುವುದಿಲ್ಲ.

ಮಣ್ಣಿನ ಸೈನಿಕರ ಬಗ್ಗೆ ಏನೂ ಹೇಳದೆ ಮುಗಿಸಿದರೆ ನೀವು ಬಿಡುವುದಿಲ್ಲ. ಊರಿನಿಂದ ಪೂರ್ವಕ್ಕೆ 40 ಕಿಲೋಮೀಟರ್ ಆಸುಪಾಸು. 1974ರ ಮಾರ್ಚ್‌ನಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು. ಕ್ರಿ.ಪೂ. 210ರಲ್ಲಿ ಸತ್ತ, ಚಿನ್ ವಂಶದ ಮೊದಲ ಚಕ್ರವರ್ತಿಯ ಕಾವಲಿಗೆ ಹೂತಿಟ್ಟ ಸೇನೆ, ಅಂದಾಜು 8,000 ಮೂರ್ತಿಗಳು. ಇವತ್ತು ಅವು ಬರೀ ಮಣ್ಣಿನ ಬಣ್ಣ. ಮಾಡಿದಾಗ ಕೆಂಪು, ಹಸಿರು, ನೇರಳೆ ಎಲ್ಲ ಬಳಿದಿದ್ದರು. ಅಗೆದು ಹೊರಗಿನ ಒಣಗಾಳಿ ತಾಗಿದ ಕೆಲವೇ ನಿಮಿಷದಲ್ಲಿ ಬಣ್ಣದ ಕೆಳಗಿನ ಅರಗು ಸುರುಳಿಯಾಗಿ ಉದುರಿಬಿಡುತ್ತಿತ್ತು. ಚಕ್ರವರ್ತಿಯ ಸಮಾಧಿಯ ಒಳಗೋಣೆಯನ್ನು ಇನ್ನೂ ತೆರೆಯದೇ ಇರುವುದಕ್ಕೆ ಈ ಭಯವೂ ಒಂದು ಕಾರಣ. ಒಳಗೆ ಪಾದರಸದ ನದಿಗಳಿವೆ ಎಂದು ಹಳೆಯ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಸಮಾಧಿಯ ಮೇಲಿನ ಗುಡ್ಡದ ಮಣ್ಣಿನಲ್ಲಿ ಪಾದರಸದ ಅಂಶ ನಿಜಕ್ಕೂ ಜಾಸ್ತಿಯೇ ಇದೆ.

ಎಲ್ಲರೂ ಮೂರ್ತಿಗಳಿರುವ ಒಂದನೇ ಗುಂಡಿಯ ಮುಂಭಾಗದಲ್ಲಿ ಫೋಟೊಗೆ ಮುಗಿಬೀಳುತ್ತಾರೆ. ನೀವು ಹಿಂಭಾಗಕ್ಕೆ ಹೋಗಿ. ಅಲ್ಲಿ ಚೂರುಗಳನ್ನು ಜೋಡಿಸುವ ಕೆಲಸ ನಡೆಯುತ್ತಿರುತ್ತದೆ. ಎದುರಿಗೆ ಸಾಲಾಗಿ ನಿಂತವರೂ ಹೀಗೇ ಚೂರುಚೂರಾಗಿ ಸಿಕ್ಕವರು. ಹೋಗುವಾಗ ಮೆಟ್ರೊದ 9ನೇ ಮಾರ್ಗದಲ್ಲಿ ಹುವಾಚಿಂಗ್ ಕೊಳದವರೆಗೆ ಹೋಗಿ, ಅಲ್ಲಿಂದ ಬಸ್ಸು. ‘ಅಗ್ಗದ ಟೂರ್’ ಎಂದು ಕರೆಯುವವರ ಹಿಂದೆ ಹೋದರೆ ಅರ್ಧ ದಿನ ಹಸಿರು ಕಲ್ಲಿನ ಒಡವೆ ಅಂಗಡಿಯಲ್ಲಿ ಕಳೆಯಬೇಕಾಗುತ್ತದೆ. ಹುವಾಚಿಂಗ್ ಕೊಳದಲ್ಲಿ ತಾಂಗ್ ಅರಸ ಮತ್ತು ಯಾಂಗ್ ಗುಯಿಫೇ ಎಂಬ ಅವನ ಪ್ರೇಯಸಿಯ ಕಥೆಯನ್ನು ರಾತ್ರಿ ಬಯಲಲ್ಲಿ, ಬೆಟ್ಟವನ್ನೇ ಹಿನ್ನೆಲೆ ಮಾಡಿಕೊಂಡು ಆಡಿತೋರಿಸುತ್ತಾರೆ. ದುಬಾರಿ, ಆದರೆ ದುಡ್ಡಿಗೆ ಮೋಸವಿಲ್ಲ.

ಶಾನ್‌ಶಿ ಇತಿಹಾಸ ಮ್ಯೂಸಿಯಂಗೆ ಮೊದಲೇ ಆನ್‌ಲೈನ್‌ನಲ್ಲಿ ಜಾಗ ಕಾದಿರಿಸಬೇಕು. ಸಿಗದಿದ್ದರೆ ಕೊರಗಬೇಡಿ. ದಕ್ಷಿಣ ಗೋಡೆಯ ಪಕ್ಕದ ಶಿಲಾಶಾಸನಗಳ ವನಕ್ಕೆ ಹೋಗಿ. ಶಾಸನ ಓದುವ ನಾಡಿನವರಿಗೆ ಅದು ಹಬ್ಬ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

*ಅಲ್ಲಿ ನಮ್ಮ ಫೋನು, ದುಡ್ಡು ಎಲ್ಲ ನಡೆಯುತ್ತಾ?*

ದುಡ್ಡೆಲ್ಲ ಫೋನಿನಲ್ಲೇ. ಹೊರಡುವ ಮೊದಲು ಹಣ ಕಟ್ಟುವ ಅಲಿಪೇ ಅಥವಾ ವಿಚಾಟ್ ಆ್ಯಪ್ ಹಾಕಿಕೊಂಡು ನಿಮ್ಮ ಅಂತರರಾಷ್ಟ್ರೀಯ ಕಾರ್ಡು ಜೋಡಿಸಿ. ಲಿಯಾಂಗ್‌ಪಿ ಮಾರುವ ಅಜ್ಜಿಯ ಗಾಡಿಯಲ್ಲೂ ಕ್ಯೂಆರ್ ಚೀಟಿ ಇರುತ್ತದೆ. ಸ್ವಲ್ಪ ನೋಟೂ ಇರಲಿ. ಒಂದು ಯುವಾನ್ ಅಂದರೆ ಹೆಚ್ಚುಕಡಿಮೆ 12 ರೂಪಾಯಿ. ಅಲ್ಲಿನ ವೈಫೈನಲ್ಲಿ ಗೂಗಲ್, ವಾಟ್ಸ್‌ಆ್ಯಪ್ ಬರುವುದಿಲ್ಲ. ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ಬರುತ್ತವೆ. ವೀಸಾ ಬೇಕೇ ಬೇಕು. ಕೆಲವು ದೇಶದವರಿಗೆ ಕೊಟ್ಟಿರುವ ವಿನಾಯಿತಿ ನಮಗಿಲ್ಲ.

*ಯಾವ ತಿಂಗಳು ಒಳ್ಳೆಯದು?*

ಏಪ್ರಿಲ್, ಮೇ. ಇಲ್ಲವಾದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ನಡು. ಮೇ ಮೊದಲ ವಾರ, ಅಕ್ಟೋಬರ್ ಮೊದಲ ವಾರ ಬೇಡವೇ ಬೇಡ. ಆಗ ಇಡೀ ಚೀನಾಕ್ಕೆ ರಜೆ. ಬೇಸಿಗೆ ನಮ್ಮ ಕಲಬುರಗಿಯನ್ನು ನೆನಪಿಸುತ್ತದೆ. ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಗಾಳಿಯೂ ಮಬ್ಬು.

*ಅಮ್ಮನೂ ನಾನೂ ಇಬ್ಬರೇ ಹೋಗಬೇಕು ಅಂತಿದ್ದೀವಿ. ರಾತ್ರಿ ಓಡಾಡಬಹುದಾ?*

ಧೈರ್ಯವಾಗಿ ಓಡಾಡಿ. ನಾನು ಹೇಳಿದ ಬೀದಿಗಳಲ್ಲೆಲ್ಲ ಹತ್ತೂವರೆಗೂ ಮಕ್ಕಳು ಆಡುತ್ತಿರುತ್ತವೆ. ಅಮ್ಮನವರಿಗೆ ಮಂಡಿನೋವಿದ್ದರೆ ಪಗೋಡ ಹತ್ತಿಸಬೇಡಿ, ಕೆಳಗೆ ತೋಟದಲ್ಲಿ ಕೂರಿಸಿ. ಪರಿಚಯವಿಲ್ಲದವರು ‘ಬನ್ನಿ, ಚಹಾ ಕುಡಿಯೋಣ’ ಎಂದು ಕರೆದರೆ ಹೋಗಬೇಡಿ, ಬಿಲ್ಲು ನೋಡಿ ತಲೆ ತಿರುಗುತ್ತದೆ. ಮೆಟ್ರೊ ಹನ್ನೊಂದರ ಸುಮಾರಿಗೆ ನಿಲ್ಲುತ್ತದೆ. ಆಮೇಲೆ ಡಿಡಿ ಎಂಬ ಟ್ಯಾಕ್ಸಿ ಸೇವೆಯಲ್ಲಿ ಟ್ಯಾಕ್ಸಿ ಕರೆಯಬೇಕು, ಅದು ಅಲಿಪೇ ಒಳಗೇ ಸಿಗುತ್ತದೆ. ಹೋಟೆಲಿನ ವಿಳಾಸ ಚೀನೀ ಲಿಪಿಯಲ್ಲಿರುವ ಕಾರ್ಡನ್ನು ಇಬ್ಬರ ಹತ್ತಿರವೂ ಒಂದೊಂದು ಇಟ್ಟುಕೊಳ್ಳಿ.